ಹರಕುಬಾಯಿ ಮೀನು

ಬಹಳ ಬಹಳ ಹಿಂದೆ, ಇಂದಿನ ಊರುಗಳಿಗೆ ಇನ್ನೂ ಹೆಸರಿಟ್ಟಿರದ ಕಾಲದಲ್ಲಿ, ನಿಡುಗೆರೆ ಎಂಬ ರಾಜ್ಯವಿತ್ತು. ರಾಜ್ಯದ ನಡುವೆ ಒಂದು ಕೆರೆ. ಸಣ್ಣ ಕೆರೆಯಲ್ಲ, ಈ ದಡದಲ್ಲಿ ನಿಂತು ಕೂಗಿದರೆ ಆ ದಡದವನಿಗೆ ಕೇಳದು. ಆ ಕೆರೆಯಲ್ಲಿ ಅಂಗೈಮೀನು ಎಂಬ ಮೀನಿತ್ತು. ಅಂಗೈಯಷ್ಟೇ ಅಗಲ, ಚಪ್ಪಟೆ, ಮುಳ್ಳು ಕಡಿಮೆ. ಬಾಣಲೆಗೆ ಹಾಕಿ ಎರಡು ಸಲ ಮಗುಚುವಷ್ಟರಲ್ಲಿ ಬೇಯುತ್ತಿತ್ತು. ಬಡವರ ಮನೆಯಲ್ಲೂ ಅದೇ ಊಟ, ಅರಮನೆಯಲ್ಲೂ ಅದೇ ಊಟ.

ಅಂಗೈಮೀನಿನಲ್ಲಿ ಎರಡು ಬಗೆ. ಒಂದು ಬರೀ ಬೂದುಬಣ್ಣದ್ದು, ಇನ್ನೊಂದು ಮಚ್ಚೆಯದು. ಮಚ್ಚೆ ಒಂದೊಂದಕ್ಕೆ ಒಂದೊಂದು ತರಹ. ಒಂದರ ಪಕ್ಕೆಯಲ್ಲಿ ಅರಿಶಿನದ ಪಟ್ಟೆ, ಒಂದರ ಬಾಲದಲ್ಲಿ ನವಿಲುಗಣ್ಣು, ಒಂದರ ಕಿವಿರಿನ ಹತ್ತಿರ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಎರಡು ಮೀನಿಗೆ ಒಂದೇ ಮಚ್ಚೆ ಇದ್ದದ್ದನ್ನು ಯಾರೂ ಕಂಡಿರಲಿಲ್ಲ.

ಗಾಳ ಹಾಕುವವರಲ್ಲಿ ಒಂದು ಕಟ್ಟಳೆ ಇತ್ತು. ಬೂದುಮೀನು ಸಿಕ್ಕರೆ ಬುಟ್ಟಿಗೆ. ಮಚ್ಚೆಮೀನು ಸಿಕ್ಕರೆ ಗಾಳ ಬಿಡಿಸಿ, ಎರಡೂ ಅಂಗೈಯಲ್ಲಿಟ್ಟು, ಹಣೆಗೆ ಮುಟ್ಟಿಸಿ, ‘ತಪ್ಪಾಯಿತು, ಹೋಗಿ ಬಾ’ ಎಂದು ನೀರಿಗೆ ಬಿಡಬೇಕು. ತಿಂದವರ ವಂಶ ಉಳಿಯುವುದಿಲ್ಲ ಎಂಬ ಮಾತಿತ್ತು. ನೂರು ವರ್ಷ ಬೂದುಮೀನನ್ನು ತಿಂದು ಮಚ್ಚೆಮೀನನ್ನು ಬಿಡುತ್ತ ಬಂದರೆ ಕೆರೆಯಲ್ಲಿ ಏನಾಗಬೇಕೋ ಅದೇ ಆಗಿತ್ತು. ಹತ್ತು ಸಲ ಗಾಳ ಎತ್ತಿದರೆ ಎಂಟು ಸಲ ಮಚ್ಚೆ. ಬುಟ್ಟಿಯ ತಳ ಮುಚ್ಚುವಷ್ಟರಲ್ಲಿ ಹೊತ್ತು ನೆತ್ತಿಗೆ ಬರುತ್ತಿತ್ತು. ಜನ ಕೆರೆಯನ್ನು ಬೈದರು, ಗಾಳವನ್ನು ಬೈದರು, ಎರೆಹುಳುವನ್ನೂ ಬೈದರು. ಕಟ್ಟಳೆಯನ್ನು ಮಾತ್ರ ಯಾರೂ ಬೈಯಲಿಲ್ಲ.

ಕೆರೆಯ ನಡುವಿನ ದಿಬ್ಬದ ಮೇಲೆ ಕಂಟಕಸಿದ್ಧ ಎಂಬ ಮಾಂತ್ರಿಕನ ಕೋಟೆಯಿತ್ತು. ಕೋಟೆಯ ಗೋಡೆ ಕಲ್ಲಿನದು. ಆ ಕಲ್ಲುಗಳು ಮನುಷ್ಯರು. ತಿಂಗಳಿಗೊಬ್ಬರನ್ನು ರಾಜ್ಯದವರು ಅವನಿಗೆ ಒಪ್ಪಿಸಬೇಕಿತ್ತು. ಬಂದವರನ್ನು ಅವನು ಗೋಡೆಯ ಕೊನೆಗೆ ನಿಲ್ಲಿಸಿ ಮಂತ್ರ ಹೇಳುತ್ತಿದ್ದ. ಅಂಗಾಲಿನಿಂದ ಕಲ್ಲು ಏರತೊಡಗುತ್ತಿತ್ತು. ಒಂಬತ್ತನೆಯ ದಿನ ನೆತ್ತಿ ಮುಟ್ಟುತ್ತಿತ್ತು. ಅಲ್ಲಿಗೆ ಗೋಡೆ ಒಂದು ಆಳಿನಷ್ಟು ಬೆಳೆಯಿತು.

ರಾಜ ಸೋಮಭೂಪನ ಮುತ್ತಜ್ಜ ಒಮ್ಮೆ ಅವನ ಮೇಲೆ ದಂಡೆತ್ತಿ ಹೋಗಿದ್ದ. ಈಟಿಗಳೆಲ್ಲ ಜೊಂಡುಹುಲ್ಲಾದವು, ಕುದುರೆಗಳೆಲ್ಲ ಕಪ್ಪೆಗಳಾದವು. ಯುದ್ಧಕ್ಕಿಂತ ತಿಂಗಳಿಗೊಬ್ಬರು ಅಗ್ಗ ಎಂದು ಅಂದೇ ತೀರ್ಮಾನವಾಯಿತು. ಊರವರ ಹೆಸರಿನ ಓಲೆಗಳನ್ನು ಮಡಕೆಯಲ್ಲಿ ಹಾಕಿ ಒಂದನ್ನು ಎತ್ತುವ ಪದ್ಧತಿ ಬಂತು. ಅರಮನೆಯವರ ಓಲೆ ಆ ಮಡಕೆಯಲ್ಲಿ ಇರಲಿಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಸಲ ಎತ್ತಿದ ಓಲೆ ತೊರೆಯಪ್ಪನದು. ತೊರೆಯಪ್ಪ ಗಾಳ ಹಾಕುವವನು. ಅವನಿಗೆ ಹೆಂಡತಿಯಿಲ್ಲ, ತಾಯಿತಂದೆಯಿಲ್ಲ, ಸಣ್ಣೀರಿ ಎಂಬ ತಂಗಿ ಒಬ್ಬಳು. ಅವಳೂ ಗಾಳ ಹಾಕುವವಳೇ.

ಅಣ್ಣನನ್ನು ಕರೆದೊಯ್ದ ಮಾರನೆಯ ದಿನ ಸಣ್ಣೀರಿ ಅಳುತ್ತ ಕೂರಲಿಲ್ಲ. ಬುತ್ತಿ ಕಟ್ಟಿಕೊಂಡು ಹರಿಗೋಲು ಹತ್ತಿ ದಿಬ್ಬಕ್ಕೆ ಹೋದಳು. ಕಂಟಕಸಿದ್ಧ ಬೇಡವೆನ್ನಲಿಲ್ಲ. ಗೋಡೆಯಲ್ಲಿ ನಿಂತವರಿಗೆ ಮನೆಯವರೇ ಊಟ ತಂದರೆ ಅವನಿಗೇನು ನಷ್ಟ? ತೊರೆಯಪ್ಪನ ಪಾದ ಕಲ್ಲಾಗಿತ್ತು. ಅವನು ಉಂಡ, ಸಾರಿಗೆ ಹುಳಿ ಹೆಚ್ಚಾಯಿತು ಎಂದ, ಕೈ ತೊಳೆದ.

ಮೂರನೆಯ ದಿನ ಕಲ್ಲು ಮೊಣಕಾಲು ದಾಟಿತ್ತು. ಅಂದು ತೊರೆಯಪ್ಪ ದನಿ ತಗ್ಗಿಸಿ ಒಂದು ಸಂಗತಿ ಹೇಳಿದ. ತಲೆಯ ಮೇಲಿನ ಕಿಟಕಿಯಲ್ಲಿ ಮಾಂತ್ರಿಕ ದಿನವಿಡೀ ಕುಳಿತಿರುತ್ತಾನೆ. ಕೆರೆಯ ಏರಿಯ ಮೇಲೆ ಗಾಳ ಹಾಕುವವರನ್ನೇ ನೋಡುತ್ತಿರುತ್ತಾನೆ. ದಿನಕ್ಕೆ ಮೂರು ನಾಲ್ಕು ಸಲ ಇದ್ದಕ್ಕಿದ್ದ ಹಾಗೆ ಅವನಿಗೆ ಉಸಿರು ಕಟ್ಟುತ್ತದೆ, ಕೈಯ ತುತ್ತು ಅಲ್ಲೇ ನಿಲ್ಲುತ್ತದೆ. ಅಷ್ಟರಲ್ಲಿ ಏರಿಯ ಮೇಲೆ ಯಾರೋ ಒಂದು ಮೀನನ್ನು ಹಣೆಗೆ ಮುಟ್ಟಿಸಿ ನೀರಿಗೆ ಬಿಡುತ್ತಾರೆ. ಇವನ ಉಸಿರು ಸರಿಹೋಗುತ್ತದೆ.

ಸಣ್ಣೀರಿ ಖಾಲಿ ಬುತ್ತಿ ಕಟ್ಟಿಕೊಂಡು ನೇರವಾಗಿ ಗೂಳಜ್ಜನ ಹತ್ತಿರ ಹೋದಳು. ಗೂಳಜ್ಜ ಏರಿಯ ಮೇಲಿನವರಲ್ಲೆಲ್ಲ ಹಿರಿಯ. ಬಾಯಲ್ಲಿ ಹಲ್ಲಿಲ್ಲದಿದ್ದರೂ ನಾಲಿಗೆ ಚೂಪಾಗಿತ್ತು.

“ಅಜ್ಜ, ಮಚ್ಚೆಮೀನು ತಿನ್ನಬಾರದು ಅಂತ ಮೊದಲು ಹೇಳಿದ್ದು ಯಾರು?”

“ದೊಡ್ಡವರು.”

“ಯಾವ ದೊಡ್ಡವರು?”

“ನಿನಗಿಂತ ದೊಡ್ಡವರು. ಹೋಗು, ನನ್ನ ಗಾಳದ ಬೆಂಡು ಮುಳುಗಿತು.”

ಅವಳು ಹೋಗಲಿಲ್ಲ. ಗೂಳಜ್ಜ ಗಾಳದ ಕೋಲನ್ನು ಪಕ್ಕಕ್ಕಿಟ್ಟು ಯೋಚಿಸಿದ. ತೊಂಬತ್ತು ವರ್ಷದಲ್ಲಿ ಅವನನ್ನು ಯಾರೂ ಇದನ್ನು ಕೇಳಿರಲಿಲ್ಲ. ಕೊನೆಗೆ ನೆನಪು ಮಾಡಿಕೊಂಡು ಹೇಳಿದ. ಅವನ ತಾತ ಹೇಳುತ್ತಿದ್ದನಂತೆ, ಎಲ್ಲಿಂದಲೋ ಬಂದ ಒಬ್ಬ ಬೈರಾಗಿ ಮೂರು ದಿನ ಈ ಏರಿಯ ಮೇಲೆ ಕುಳಿತಿದ್ದ, ಮನೆಮನೆಯಲ್ಲಿ ಹುರಿದ ಮೀನು ತಿಂದ, ಹೋಗುವಾಗ ಈ ಮಾತು ಹೇಳಿ ಹೋದ. ಅದು ಯಾವ ವರ್ಷ ಎಂದು ಸಣ್ಣೀರಿ ಕೇಳಿದಳು. ದಿಬ್ಬದ ಮೇಲೆ ಮೊದಲನೆಯ ಕಲ್ಲು ನಿಂತ ವರ್ಷ ಎಂದು ಗೂಳಜ್ಜ ಹೇಳಿದ. ಹೇಳಿದವನ ಬಾಯಿ ಹಾಗೆಯೇ ತೆರೆದುಕೊಂಡಿತ್ತು.

ಸಣ್ಣೀರಿಗೆ ಅರ್ಥವಾಯಿತು. ಒಂದು ಮಾತು ನೂರು ವರ್ಷ ನಡೆದುಬಂದಿದೆ ಎಂದರೆ ಅದರಿಂದ ಯಾರಿಗೋ ಅನುಕೂಲ ಇರಲೇಬೇಕು. ಗಾಳ ಹಾಕುವವರಿಗಂತೂ ಆಗಿಲ್ಲ. ಬೈರಾಗಿಯಾಗಿ ಬಂದಿದ್ದ ಮಾಂತ್ರಿಕ ತನ್ನ ಪ್ರಾಣವನ್ನು ಒಂದು ಮಚ್ಚೆಮೀನಿನಲ್ಲಿ ಇಟ್ಟಿದ್ದಾನೆ. ಅದನ್ನು ಕಾಯಲು ಹುಲಿಯನ್ನಿಡಲಿಲ್ಲ, ಸರ್ಪವನ್ನಿಡಲಿಲ್ಲ, ಊರವರ ಭಯವನ್ನೇ ಇಟ್ಟ. ಸಂಬಳವಿಲ್ಲದ ಕಾವಲು.

ಆದರೆ ಊಹೆ ಊಹೆಯೇ. ಕಟ್ಟಳೆ ಸುಳ್ಳೋ ನಿಜವೋ ಮೊದಲು ನೋಡಬೇಕು. ಸಣ್ಣೀರಿಯ ಮೊದಲನೆಯ ಪರೀಕ್ಷೆ ಅದು.

ಮಾರನೆಯ ಬೆಳಿಗ್ಗೆ ಏರಿಯ ಮೇಲೆ ಎಲ್ಲರ ಎದುರು ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ಕೆಂಪು ಮಚ್ಚೆಯ ಮೀನೊಂದನ್ನು ಹಿಡಿದು, ಸೀಳಿ, ಉಪ್ಪುಖಾರ ಸವರಿ ಬಾಣಲೆಗೆ ಹಾಕಿದಳು. ಗಾಳ ಹಾಕುವವರೆಲ್ಲ ಕೋಲು ಬಿಟ್ಟು ಎದ್ದು ದೂರ ಸರಿದರು. ಅಣ್ಣನ ಜೊತೆಗೆ ತಂಗಿಯ ಬುದ್ಧಿಯೂ ಗೋಡೆ ಸೇರಿತು ಎಂದು ಒಬ್ಬಳು ಗಟ್ಟಿಯಾಗಿಯೇ ಅಂದಳು. ವಂಶ ನಾಶವಾಗುತ್ತದೆ ಎಂದು ಗೂಳಜ್ಜ ಎಚ್ಚರಿಸಿದ.

“ನನ್ನ ವಂಶ ಅಂದರೆ ಅಣ್ಣ ಒಬ್ಬ” ಎಂದಳು ಸಣ್ಣೀರಿ. “ಅವನು ಸೊಂಟದವರೆಗೆ ಕಲ್ಲಾಗಿದ್ದಾನೆ. ಇನ್ನು ಏನು ಹೋಗುತ್ತದೆ ಅಜ್ಜ?”

ಅವಳು ತಿಂದಳು. ಜನ ಕಾದರು. ಆಕಾಶ ಆಕಾಶದಲ್ಲೇ ಇತ್ತು, ನೆಲ ನೆಲದಲ್ಲೇ ಇತ್ತು. ಉಪ್ಪು ಸ್ವಲ್ಪ ಕಡಿಮೆಯಾಗಿತ್ತು, ಅಷ್ಟೇ.

ಎರಡನೆಯ ಪರೀಕ್ಷೆ ಇದಕ್ಕಿಂತ ಕಷ್ಟದ್ದು. ಕೆರೆಯಲ್ಲಿ ಮಚ್ಚೆಮೀನು ಸಾವಿರ ಸಾವಿರ. ಅವುಗಳಲ್ಲಿ ಅವನ ಪ್ರಾಣ ಯಾವುದರಲ್ಲಿದೆ? ಅಷ್ಟು ದೊಡ್ಡ ಮಾಂತ್ರಿಕ ತನ್ನ ಪ್ರಾಣವನ್ನು ಸಾಧಾರಣ ಮೀನಿನಲ್ಲಿಟ್ಟಾನೆಯೇ ಎಂದುಕೊಂಡು ಸಣ್ಣೀರಿ ಚೆಂದದ ಮೀನುಗಳನ್ನೇ ಹುಡುಕಿದಳು. ಐದನೆಯ ದಿನ ಚಿನ್ನದ ಪಟ್ಟೆಯದನ್ನು ಹಿಡಿದು ಎತ್ತರಕ್ಕೆ ಹಿಡಿದಳು. ಆರನೆಯ ದಿನ ನವಿಲುಗಣ್ಣಿನದನ್ನು. ಏಳನೆಯ ದಿನ ಮೈಯೆಲ್ಲ ಮುತ್ತು ಪೋಣಿಸಿದಂತೆ ಚುಕ್ಕೆಯಿದ್ದ ಒಂದನ್ನು. ಅಂಥದ್ದನ್ನು ಗೂಳಜ್ಜನೂ ಕಂಡಿರಲಿಲ್ಲ. ಪ್ರತಿ ದಿನ ಮಧ್ಯಾಹ್ನ ಬುತ್ತಿ ಒಯ್ದಾಗ ತೊರೆಯಪ್ಪ ಇಲ್ಲವೆಂದು ತಲೆಯಾಡಿಸುತ್ತಿದ್ದ. ಅವಳು ಮೀನು ಎತ್ತಿ ಹಿಡಿದಾಗ ಮಾಂತ್ರಿಕ ನಿಶ್ಚಿಂತೆಯಿಂದ ಎಲೆಅಡಿಕೆ ಮೆಲ್ಲುತ್ತಿದ್ದನಂತೆ. ಇತ್ತ ಅರಮನೆಯಿಂದಲೂ ಹೇಳಿಕಳಿಸಿದರು. ಹುಡುಗಾಟ ನಿಲ್ಲಿಸಬೇಕು, ಮಾಂತ್ರಿಕ ಸಿಟ್ಟಾದರೆ ತಿಂಗಳಿಗೆ ಇಬ್ಬರನ್ನು ಕೇಳುತ್ತಾನೆ ಎಂದು.

ಎಂಟನೆಯ ದಿನ ಕಲ್ಲು ತೊರೆಯಪ್ಪನ ಕುತ್ತಿಗೆಗೆ ಬಂದಿತ್ತು. ಕೈ ಏಳುತ್ತಿರಲಿಲ್ಲ. ಸಣ್ಣೀರಿ ತುತ್ತು ಮಾಡಿ ಬಾಯಿಗಿಟ್ಟಳು. ಅವನು ನಿಧಾನವಾಗಿ ನುಂಗಿ ನಕ್ಕ.

“ಇವತ್ತು ಬೆಳಿಗ್ಗೆಯೇ ನಾಲ್ಕು ಸಲ ಉಸಿರು ಕಟ್ಟಿತು ಅವನಿಗೆ. ಎಷ್ಟು ಸಲ ಸಿಕ್ಕಿಬೀಳುತ್ತದೆ ತಂಗೀ ಆ ಮೀನು. ನಾಚಿಕೆ ಇಲ್ಲದ್ದು.”

ಸಣ್ಣೀರಿಯ ಕೈಯ ತುತ್ತು ಅಲ್ಲೇ ನಿಂತಿತು.

ಗಾಳಕ್ಕೆ ಒಮ್ಮೆ ಸಿಕ್ಕಿ ತಪ್ಪಿಸಿಕೊಂಡ ಮೀನು ತಿಂಗಳುಗಟ್ಟಲೆ ಆ ಕಡೆ ಸುಳಿಯುವುದಿಲ್ಲ. ಗಾಳ ಹಾಕುವವರಿಗೆಲ್ಲ ಗೊತ್ತಿರುವ ಸಂಗತಿ. ದಿನಕ್ಕೆ ನಾಲ್ಕು ಸಲ ಬರುವ ಮೀನು ಯಾವುದು? ತನಗೆ ಏನೂ ಆಗುವುದಿಲ್ಲ ಎಂದು ಚೆನ್ನಾಗಿ ತಿಳಿದ ಮೀನು. ಅದಕ್ಕೆ ಗಾಳ ಎಂದರೆ ಊಟದ ತಟ್ಟೆ. ನೂರು ವರ್ಷ ಹಾಗೆ ತಿಂದ ಮೀನಿನ ತುಟಿ ಹೇಗಿರುತ್ತದೆ? ಚಿಂದಿಯಾಗಿರುತ್ತದೆ.

ಅಂಥ ಮೀನನ್ನು ಏರಿಯ ಮೇಲಿನವರೆಲ್ಲ ಬಲ್ಲರು. ಅದಕ್ಕೆ ಹರಕುಬಾಯಿ ಎಂದು ಹೆಸರು. ಮಂಕು ಹಸಿರು ಮೈ. ಕಿವಿರಿನ ಕೆಳಗೆ ಯಾರೋ ಕಾಡಿಗೆಯ ಹೆಬ್ಬೆರಳು ಒತ್ತಿದ ಹಾಗೆ ಒಂದು ಕಪ್ಪು ಮಚ್ಚೆ. ಬೆಳಗಾದರೆ ಬಂದು ಎರೆಹುಳು ಕೆಡಿಸುವ ಪೀಡೆ ಅದು. ಯಾರ ಗಾಳಕ್ಕೆ ಬಿದ್ದರೂ ಅವರು ಶಾಪ ಹಾಕುತ್ತಲೇ ಹಣೆಗೆ ಮುಟ್ಟಿಸಿ ಎಸೆಯುತ್ತಿದ್ದರು. ತೊರೆಯಪ್ಪ ಬಿಟ್ಟಿದ್ದಾನೆ, ಅವರ ಅಪ್ಪ ಬಿಟ್ಟಿದ್ದಾನೆ. ಸಣ್ಣೀರಿ ಆ ಬೆಳಿಗ್ಗೆಯೂ ಅದನ್ನು ಎರಡು ಸಲ ಹಿಡಿದು ಎರಡು ಸಲ ಬಿಟ್ಟಿದ್ದಳು. ಚೆಂದದ ಮೀನು ಹುಡುಕುವ ಅವಸರದಲ್ಲಿ ಅದರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

ಮೇಲೆ ಕಿಟಕಿಯಿತ್ತು. ಅವಳು ಏನೂ ಹೇಳದೆ ಉಳಿದ ತುತ್ತುಗಳನ್ನು ಅಣ್ಣನಿಗೆ ತಿನ್ನಿಸಿ ಬಂದಳು.

ಒಂಬತ್ತನೆಯ ದಿನ ಸೂರ್ಯ ಹುಟ್ಟುವಾಗ ಸಣ್ಣೀರಿ ಏರಿಯ ಮೇಲೆ ಒಂದು ಮಡಕೆ ನೀರು ತುಂಬಿಟ್ಟುಕೊಂಡು ಗಾಳ ಹಾಕಿದಳು. ಕಾಯಬೇಕಾಗಲಿಲ್ಲ. ಬೆಂಡು ಮುಳುಗಿತು. ಎತ್ತಿದರೆ ಹರಕುಬಾಯಿ. ಎರೆಹುಳುವನ್ನು ಇನ್ನೂ ಮೆಲ್ಲುತ್ತಿತ್ತು. ಯಾವಾಗ ಬಿಡುತ್ತೀಯ ಎನ್ನುವ ಹಾಗೆ ಅವಳನ್ನೇ ನೋಡಿತು. ಅವಳು ಹಣೆಗೆ ಮುಟ್ಟಿಸಲಿಲ್ಲ, ಬಿಡಲೂ ಇಲ್ಲ. ಅತ್ತ ದಿಬ್ಬದ ಕಿಟಕಿಯಲ್ಲಿ ಮಾಂತ್ರಿಕ ಗಂಟಲು ಹಿಡಿದುಕೊಂಡು ಎದ್ದು ನಿಂತ. ಸಣ್ಣೀರಿ ಮೀನನ್ನು ಮಡಕೆಗೆ ಹಾಕಿ ಮಡಕೆಯ ಬಾಯಿಯನ್ನು ಕೈಯಿಂದ ಮುಚ್ಚಿದಳು.

ಮೂರನೆಯ ಪರೀಕ್ಷೆ ಆಗ ಶುರುವಾಯಿತು.

ಮೊದಲು ಬಂದದ್ದು ಒಂದು ಕೊಕ್ಕರೆ. ಕರುವಿನಷ್ಟು ಎತ್ತರ, ಮನುಷ್ಯರ ಹಾಗೆ ಮಾತು. “ಏ ಹುಡುಗಿ, ಒಡೆಯರು ಹೇಳಿಕಳಿಸಿದ್ದಾರೆ. ಮೀನು ಬಿಡು, ಒಂದು ಬೊಗಸೆ ಮುತ್ತು ತಗೋ.” ಒಂದು ಹಿಡಿ ಮೀನಿಗೆ ಬೊಗಸೆ ಮುತ್ತು ಕೊಡುವವರು ಯಾರೂ ಇಲ್ಲ. ಹಾಗಾದರೆ ಮೀನು ಇದೇ ಸರಿ ಎಂದುಕೊಂಡಳು ಸಣ್ಣೀರಿ. ಕೊಡುವುದಿಲ್ಲ ಎಂದಳು.

ಎರಡನೆಯದಾಗಿ ಬಂದದ್ದು ದೋಣಿಯಷ್ಟು ಉದ್ದದ ಮೊಸಳೆ. “ತಂಗಿ, ಏಳು ಹೇರು ಚಿನ್ನ, ಮೂರು ಊರು. ಒಲ್ಲೆ ಅಂದರೆ ನಿನ್ನನ್ನು ಮಡಕೆ ಸಮೇತ ನುಂಗುತ್ತೇನೆ” ಎಂದು ಅದು ಬಾಯಿ ತೆರೆಯಿತು. ಸಣ್ಣೀರಿ ಮೀನನ್ನು ಬಾಲ ಹಿಡಿದು ನೀರಿನಿಂದ ಮೇಲಕ್ಕೆ ಎತ್ತಿದಳು. ದಿಬ್ಬದ ಕಡೆಯಿಂದ ಒಂದು ಕೂಗು ಕೇಳಿತು. ಮೊಸಳೆ ತೆರೆದ ಬಾಯಿ ತೆರೆದ ಹಾಗೆಯೇ ಹಳೆಯ ಮರದ ದಿಮ್ಮಿಯಾಗಿ ತೇಲಿಹೋಯಿತು. ಅವಳು ಮೀನನ್ನು ಮತ್ತೆ ಮಡಕೆಗೆ ಇಳಿಬಿಟ್ಟಳು.

ಮೂರನೆಯದಾಗಿ ಕಂಟಕಸಿದ್ಧನೇ ಬಂದ, ನೀರಿನ ಮೇಲೆ ನಡೆದುಕೊಂಡು. ಮಡಕೆಯಲ್ಲಿ ಮೀನು ತಿಣುಕಿದಾಗಲೆಲ್ಲ ಅವನ ಕಾಲು ಮೀನಖಂಡದವರೆಗೆ ಮುಳುಗುತ್ತಿತ್ತು. ಏರಿಯ ಕೆಳಗೆ ನಿಂತು, “ತಾಯಿ” ಎಂದ.

ಹುಡುಗಿ, ತಂಗಿ, ತಾಯಿ. ಸರಕಿನ ಬೆಲೆ ಎಲ್ಲಿಗೆ ಮುಟ್ಟಿದೆ ಎಂದು ತಿಳಿಯಲು ಅವಳಿಗೆ ಅಷ್ಟು ಸಾಕಾಯಿತು.

ಮೀನಿನ ಕತ್ತು ಮುರಿದುಬಿಡು ಎಂದು ಗೂಳಜ್ಜ ಹಿಂದಿನಿಂದ ಪಿಸುಗುಟ್ಟಿದ. ಸಣ್ಣೀರಿಗೂ ಆಸೆಯಿತ್ತು. ಆದರೆ ಇವನು ಸತ್ತರೆ ಗೋಡೆಯಲ್ಲಿರುವವರು ಏನಾಗುತ್ತಾರೆ? ಬದುಕಿ ಬರುತ್ತಾರೋ, ಕಲ್ಲಾಗಿಯೇ ಉಳಿಯುತ್ತಾರೋ, ಹೇಳಬಲ್ಲವರು ಯಾರೂ ಇರಲಿಲ್ಲ. ದಿಬ್ಬದ ಮೇಲೆ ಅಣ್ಣನ ತುಟಿಯವರೆಗೆ ಕಲ್ಲು ಬಂದಿತ್ತು.

“ಏನು ಬೇಕು ಕೇಳು, ತಾಯಿ.”

“ಗೋಡೆ.”

“ನಿನ್ನ ಅಣ್ಣನನ್ನು ತಾನೆ? ಈಗಲೇ ಕೊಟ್ಟೆ.”

ಮಾಂತ್ರಿಕ ಎರಡೂ ಕೈ ಎತ್ತಿ ಹತ್ತು ಬೆರಳನ್ನು ಹೆಣೆದು ಏನೋ ಹೇಳಿದ. ಮರುಕ್ಷಣ ತೊರೆಯಪ್ಪ ಏರಿಯ ಮೇಲೆ ಅವಳ ಪಕ್ಕದಲ್ಲಿ ನಿಂತಿದ್ದ. ಮಂಡಿಯನ್ನು ಮಡಿಸಿ ನೋಡಿಕೊಂಡ, ಬಿಡಿಸಿ ನೋಡಿಕೊಂಡ. ಮೈಯಲ್ಲಿ ಎಲ್ಲೂ ಕಲ್ಲಿರಲಿಲ್ಲ. ಕಂಟಕಸಿದ್ಧ ಕೈ ಚಾಚಿ, ನಿನ್ನದು ನಿನಗೆ ಬಂತಲ್ಲ, ನನ್ನದು ನನಗೆ ಕೊಡು ಎಂದ.

ಒಂಬತ್ತು ದಿನ ಅವಳು ಬೇಡಿಕೊಂಡದ್ದು ಇದನ್ನೇ. ಮಡಕೆ ಹಿಡಿದ ಕೈ ಒಂದಿಷ್ಟು ಮುಂದೆ ಹೋಯಿತು. ಅಷ್ಟರಲ್ಲಿ ತೊರೆಯಪ್ಪ ಮಾತಾಡಿದ.

“ನನ್ನ ಪಕ್ಕದಲ್ಲಿ ಒಬ್ಬಳು ಮುದುಕಿ ಇದ್ದಾಳೆ. ಗೋಡೆ ಸುತ್ತಿಬಂದು ಮೊದಲನೆಯ ಕಲ್ಲನ್ನು ಮುಟ್ಟಿದೆ, ಆ ಮೊದಲನೆಯ ಕಲ್ಲು ಅವಳೇ. ಒಂಬತ್ತು ದಿನ ಅವಳ ಭುಜಕ್ಕೆ ನನ್ನ ಭುಜ ತಾಗಿತ್ತು. ಇನ್ನೂ ಬೆಚ್ಚಗಿದ್ದಾಳೆ ತಂಗೀ.”

ಸಣ್ಣೀರಿ ಮಡಕೆಯನ್ನು ಎದೆಗೆ ಒತ್ತಿಕೊಂಡಳು. ತಾನು ಕೇಳಿದ್ದು ಗೋಡೆಯನ್ನು, ಒಂದು ಕಲ್ಲನ್ನಲ್ಲ ಎಂದಳು.

“ಇಡೀ ಗೋಡೆ ಬಿಟ್ಟರೆ ಮೀನನ್ನು ಬದುಕಿಸುತ್ತೀಯಾ?”

“ನಾನು ಕೊಲ್ಲುವುದಿಲ್ಲ. ಮಡಕೆ ಸಮೇತ ನಿನ್ನ ಕೈಗೆ ಕೊಡುತ್ತೇನೆ.”

“ನನ್ನ ಗುರುವಿನ ಆಣೆಯಾಗಿ...”

“ಆಣೆ ಬೇಡ. ಗೋಡೆ ಮೊದಲು, ಮಡಕೆ ಆಮೇಲೆ.”

ಬೇರೆ ದಾರಿಯಿರಲಿಲ್ಲ. ಅವನು ಮತ್ತೆ ಬೆರಳು ಹೆಣೆದ. ದಿಬ್ಬದ ಮೇಲೆ ಗೋಡೆ ಅಲುಗಾಡಿತು, ಮೈಮುರಿಯಿತು, ಆಕಳಿಸಿತು. ಸಾವಿರಕ್ಕೂ ಮೇಲೆ ಜನ ಗೋಡೆಯಿಂದ ಹೊರಗೆ ಹೆಜ್ಜೆಯಿಟ್ಟರು. ಒಬ್ಬ ತನ್ನ ಎತ್ತುಗಳೆಲ್ಲಿ ಎಂದು ಕೇಳಿದ. ಒಬ್ಬಳು ಒಲೆಯ ಮೇಲೆ ಹಾಲಿಟ್ಟು ಬಂದೆ ಎಂದು ಗಾಬರಿಯಾದಳು. ಹೆಚ್ಚಿನವರು ಹಸಿವು ಎಂದರು. ಗೋಡೆ ಎದ್ದುಹೋದ ಮೇಲೆ ಕೋಟೆಯೆಂದು ಉಳಿದದ್ದು ಒಂದು ಮಂಚ, ಒಂದು ಕಿಟಕಿಯ ಚೌಕಟ್ಟು.

ಸಣ್ಣೀರಿ ಹೇಳಿದ ಹಾಗೆ ಮಡಕೆಯನ್ನು ಮಾಂತ್ರಿಕನ ಕೈಗಿಟ್ಟಳು. ಏರಿಯ ಮೇಲಿನ ಜನ ಕೂಗಾಡಿದರು. ಗೂಳಜ್ಜ ಮಡಕೆ ಒಡೆಯಲು ಕಲ್ಲು ಎತ್ತಿಕೊಂಡ. ಅವಳು ಅವನ ಕೈ ಹಿಡಿದಳು. “ಮಾತು ಕೊಟ್ಟಿದ್ದೇನೆ ಅಜ್ಜ. ನಾಳೆಯೂ ಇದೇ ಏರಿಯ ಮೇಲೆ ಕೂತು ಮೀನು ಮಾರಬೇಕಾದವಳು ನಾನು.”

ಕಂಟಕಸಿದ್ಧ ನಗುತ್ತ ನೀರಿನಂಚಿಗೆ ಹೋದ. ಪ್ರಾಣ ಮೊದಲಿನ ಜಾಗಕ್ಕೆ ಸೇರಿದರೆ ಗೋಡೆ ಮತ್ತೆ ಕಟ್ಟಲು ಎಷ್ಟು ಹೊತ್ತು? ಮಡಕೆಯನ್ನು ಬಾಗಿಸಿದ.

ಸಣ್ಣೀರಿ ಏರಿಯ ಮೇಲೆ ಕುಳಿತು ಗಾಳಕ್ಕೆ ಹೊಸ ಎರೆಹುಳು ಚುಚ್ಚಿದಳು. ತೊರೆಯಪ್ಪ ಅವಳ ಪಕ್ಕ ಕುಳಿತ. ಗೂಳಜ್ಜ ಒಂದು ಕ್ಷಣ ನೋಡಿದ, ಕಲ್ಲು ಬಿಸಾಡಿದ, ತನ್ನ ಕೋಲು ಎತ್ತಿಕೊಂಡ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕುಳಿತರು. ಏರಿಯ ಉದ್ದಕ್ಕೂ ಗಾಳದ ಕೋಲುಗಳು ನೀರಿನ ಮೇಲೆ ಚಾಚಿಕೊಂಡವು.

“ಬಿಡು ಸ್ವಾಮಿ, ಧಾರಾಳವಾಗಿ ಬಿಡು” ಎಂದಳು ಸಣ್ಣೀರಿ. “ಇವತ್ತಿನಿಂದ ನಾವು ಮಚ್ಚೆಮೀನನ್ನೂ ಹುರಿಯುತ್ತೇವೆ. ನಿನ್ನದಕ್ಕೋ, ಗಾಳ ಕಂಡರೆ ಬಾಯಿ ತೆರೆಯುವ ಅಭ್ಯಾಸ.”

ಮಾಂತ್ರಿಕ ನೀರನ್ನು ನೋಡಿದ. ಕೋಲುಗಳನ್ನು ನೋಡಿದ. ಮಡಕೆಯೊಳಗೆ ನೋಡಿದ. ಹರಕುಬಾಯಿ ಆಗಲೇ ಕೆರೆಯ ಕಡೆಗೆ ಮುಖ ಮಾಡಿ ಬಾಯಿ ತೆರೆದು ನಿಂತಿತ್ತು. ಅವನು ಮಡಕೆಯನ್ನು ಮೆಲ್ಲಗೆ ನೆಟ್ಟಗೆ ಮಾಡಿದ.

ಆಮೇಲೆ ಅವನು ಆ ರಾಜ್ಯದಲ್ಲಿ ನಿಲ್ಲಲಿಲ್ಲ. ಗಾಳವಿಲ್ಲದ ಕೆರೆ ಯಾವ ರಾಜ್ಯದಲ್ಲೂ ಇರಲಿಲ್ಲ. ದಾರಿಹೋಕರು ಅಲ್ಲಲ್ಲಿ ಅವನನ್ನು ಕಂಡದ್ದುಂಟು. ಮಡಕೆ ತಬ್ಬಿಕೊಂಡು ರಸ್ತೆಯ ಅಂಚಿನಲ್ಲೇ ನಡೆಯುತ್ತಾನೆ, ಎದುರಿಗೆ ಮೇಕೆ ಬಂದರೂ ನಿಂತು ದಾರಿ ಬಿಡುತ್ತಾನೆ, ಬಾವಿ ಕಂಡಲ್ಲಿ ಹೊಸ ನೀರು ಬೇಡುತ್ತಾನೆ, ಬೆಳಿಗ್ಗೆಯೆಲ್ಲ ಎರೆಹುಳು ಅಗೆಯುತ್ತಾನೆ. ಮಂತ್ರಕ್ಕೆ ಎರಡು ಕೈ ಬೇಕು. ಮಡಕೆಯನ್ನು ನೆಲದ ಮೇಲಿಡುವ ಧೈರ್ಯ ಅವನಿಗೆ ಮತ್ತೆ ಬರಲಿಲ್ಲ.

ಗೋಡೆಯಿಂದ ಬಂದವರಲ್ಲಿ ಹೊಸಬರು ತಮ್ಮ ಮನೆಗೆ ಹೋದರು. ಹಳಬರ ಮನೆಗಳು ಇರಲಿಲ್ಲ, ಮಕ್ಕಳ ಮಕ್ಕಳೂ ಇರಲಿಲ್ಲ. ರಾಜ ಸೋಮಭೂಪ ಸಣ್ಣೀರಿಗೆ ಅರ್ಧ ರಾಜ್ಯ ಕೊಡುತ್ತೇನೆ ಎಂದು ಬಂದ. ಅವಳು ಅದನ್ನು ಇವರಿಗೆ ಹಂಚು ಎಂದಳು. ಹೇಳಿಯಾಗಿತ್ತು, ಜನರೆಲ್ಲ ಕೇಳಿಸಿಕೊಂಡಿದ್ದರು, ಹಂಚದೆ ಅವನಿಗೆ ವಿಧಿಯಿರಲಿಲ್ಲ. ಎಲ್ಲರಿಗೂ ನೆಲ ಸಿಕ್ಕಿತು, ಸೂರು ಸಿಕ್ಕಿತು. ಓಲೆಯ ಮಡಕೆಯನ್ನು ಯಾರೋ ಉಪ್ಪು ಹಾಕಿಡಲು ಒಯ್ದರು. ಅಲ್ಲಿಂದ ಮುಂದೆ ನಿಡುಗೆರೆಯಲ್ಲಿ ಹೊಟ್ಟೆಗಿಲ್ಲದವರು ಇರಲಿಲ್ಲ, ಹೆದರಿ ಬದುಕಿದವರೂ ಇರಲಿಲ್ಲ.

ಮೊದಲನೆಯ ಕಲ್ಲಾಗಿದ್ದ ಮುದುಕಿ ಸಣ್ಣೀರಿಯ ಮನೆಯಲ್ಲೇ ಉಳಿದಳು. ಮೊದಲ ದಿನದ ಊಟಕ್ಕೆ ಅವಳ ಎಲೆಯ ಮೇಲೆ ಚಿನ್ನದ ಪಟ್ಟೆಯ ಮೀನು ಬಿತ್ತು. ಅದನ್ನು ಬಡಿಸುವಾಗ ತೊರೆಯಪ್ಪನ ಕೈ ಒಂದು ಕ್ಷಣ ಹಿಂಜರಿಯಿತು. ಮುದುಕಿ ಅದನ್ನು ಕಂಡಳು. ಏನಾಯಿತಪ್ಪಾ ಎಂದು ಕೇಳಿದಳು. ಅವನು ಕಟ್ಟಳೆಯ ಕತೆಯನ್ನೆಲ್ಲ ಹೇಳಿದ. ಮುದುಕಿ ಕೇಳುತ್ತ ಕೇಳುತ್ತ ಒಂದು ಪಕ್ಕೆಯನ್ನು ಪೂರ್ತಿ ಮುಗಿಸಿದಳು, ಮೀನನ್ನು ಮಗುಚಿ ಹಾಕಿದಳು.

“ನೂರು ವರ್ಷ ಬೂದುಮೀನೊಂದನ್ನೇ ತಿಂದಿರಾ?” ಎಂದಳು. “ನಮ್ಮ ಕಾಲದಲ್ಲಿ ಅದನ್ನು ಬೆಕ್ಕಿಗೆ ಹಾಕುತ್ತಿದ್ದೆವು.”